ಸೋಮಾರಿ ಹೂವಿನ ವಿಳಾಸ

ಜೂನ್ ೨೧

ಅಕ್ಕನಿಗೆ,

ನೀನು ಕಾಗದ ಬರೆದು ಏಳು ತಿಂಗಳಾಯಿತು, ನಾನು ಬರೆದು ಐದು. ಆದ್ದರಿಂದ ಯಾರೂ ಯಾರನ್ನೂ ಬೈಯುವ ಹಾಗಿಲ್ಲ.

ಒಂದು ಸುದ್ದಿ ಇದೆ, ನಗಬೇಡ. ನಾನು ಗಿಡಗಳನ್ನು ಕಲಿಯುತ್ತಿದ್ದೇನೆ.

ನನ್ನ ಕೆಲಸ ನಿನಗೆ ಗೊತ್ತೇ ಇದೆ. ಬೆಳಿಗ್ಗೆ ಆರಕ್ಕೆ ಗುಡ್ಡದ ಮೇಲಿನ ಟ್ಯಾಂಕಿಗೆ ಹತ್ತಿ, ವಾಲ್ವ್ ತಿರುಗಿಸಿ ಊರಿಗೆ ನೀರು ಬಿಡಬೇಕು. ಹನ್ನೆರಡೂವರೆಗೆ ನಿಲ್ಲಿಸಬೇಕು. ನಡುವಿನ ಹೊತ್ತು ಅಲ್ಲೇ ಕಾದಿರಬೇಕು. ಒಂಬತ್ತು ವರ್ಷ ಆ ಹೊತ್ತನ್ನೆಲ್ಲ ಸ್ವೆಟರ್ ಹೆಣೆದು ಕಳೆದೆ. ಹೋದ ಮಳೆಗಾಲದಲ್ಲಿ ನಿನ್ನ ಮೇಷ್ಟ್ರು ಏದುಸಿರು ಬಿಡುತ್ತಾ ಗುಡ್ಡ ಹತ್ತಿ ಬಂದರು. ಹೈಸ್ಕೂಲಿನಲ್ಲಿ ನಿನಗೆ ಜೀವಶಾಸ್ತ್ರ ಕಲಿಸಿದ, ನಿನ್ನ ಮಾತು ಬಂದರೆ ಇವತ್ತಿಗೂ ಬೆನ್ನು ನೆಟ್ಟಗೆ ಮಾಡಿಕೊಳ್ಳುವ ಅದೇ ಮೇಷ್ಟ್ರು. ದಿನಾ ನಡೆಯಬೇಕೆಂದು ಡಾಕ್ಟರು ಹೇಳಿದ್ದಾರಂತೆ. ಟ್ಯಾಂಕಿನ ನೆರಳಲ್ಲಿ ಕೂತು ನೀರು ಕುಡಿದು, ಬಂಡೆಯ ಸಂದಿನಲ್ಲಿದ್ದ ಹಳದಿ ಹೂ ತೋರಿಸಿ ಇದೇನು ಎಂದು ಕೇಳಿದರು. ಕಳೆ ಎಂದೆ. ಕ್ಲಾಸಿನಿಂದ ಆಚೆ ಹಾಕುವವರ ಹಾಗೆ ನನ್ನನ್ನು ನೋಡಿದರು.

"ಕಳೆ ಅನ್ನೋದು ಹೆಸರಲ್ಲಮ್ಮ, ಬೈಗುಳ," ಅಂದರು.

ಅವತ್ತಿನಿಂದ ಶುರು. ಈಗ ನನ್ನ ನೋಟುಪುಸ್ತಕದಲ್ಲಿ ತೊಂಬತ್ಮೂರು ಗಿಡಗಳಿವೆ. ಯಾವುದು ಯಾವ ವಾರ ಮೊಳೆಯುತ್ತದೆ, ಯಾವುದಕ್ಕೆ ಯಾವ ದುಂಬಿ ಬರುತ್ತದೆ, ಎಲ್ಲ ಬರೆದಿದ್ದೇನೆ. ನೀನು ಬೇಜಾರು ಮಾಡಿಕೊಳ್ಳುವುದಿಲ್ಲ ಎಂದರೆ ಒಂದು ಮಾತು ಹೇಳುತ್ತೇನೆ. ಮೊನ್ನೆ ಮೇಷ್ಟ್ರು, "ನಿಮ್ಮಕ್ಕ ಓದಿ ಕಲಿತಳು, ನೀನು ನೋಡಿ ಕಲೀತಿದೀಯ. ಕಣ್ಣು ನಿಂದೇ ಚುರುಕು," ಅಂದರು. ಅವತ್ತು ಖುಷಿಯಲ್ಲಿ ಊರಿಗೆ ಒಂದು ಗಂಟೆ ಹೆಚ್ಚೇ ನೀರು ಬಿಟ್ಟೆ.

ಹಳೆಯ ಟೆಲಿಫೋನ್ ಡೈರೆಕ್ಟರಿಯಲ್ಲಿಟ್ಟು ಒಣಗಿಸಿದ ಐದು ಹೂ ಕಳಿಸಿದ್ದೇನೆ. ಹೇಗಿವೆ ಹೇಳು.

ನಿನ್ನ
ಚುಕ್ಕಿ


ಜುಲೈ ೪

ಚುಕ್ಕಿ,

ಕಾಗದ ಬಂತು. ಹೂಗಳೂ ಬಂದವು, ಬಂದವು ಎನ್ನಬಹುದಾದರೆ. ಮೂರಕ್ಕೆ ಬೂಷ್ಟು ಹಿಡಿದಿತ್ತು. ಒಂದು ಪುಡಿಯಾಗಿತ್ತು. ಉಳಿದ ಒಂದರ ಬೆನ್ನಿಗೆ ಯಾರದೋ ಫೋನ್ ನಂಬರಿನ ಅಚ್ಚು ಬಿದ್ದಿತ್ತು.

ಬರೀ ಹೂ ಕಿತ್ತು ಕಳಿಸುವುದೆಂದರೆ ಮೂಗು ಕತ್ತರಿಸಿ ಕಳಿಸಿ ಆಳು ಯಾರು ಎಂದು ಕೇಳಿದ ಹಾಗೆ. ಬೇರು, ಕಾಂಡ, ಎಲೆ, ಸಾಧ್ಯವಾದರೆ ಕಾಯಿ, ಎಲ್ಲ ಬೇಕು. ಹೀರುವ ಕಾಗದದ ನಡುವೆ ಇಟ್ಟು, ಮೇಲೆ ಭಾರ ಹೇರಿ, ದಿನಾ ಕಾಗದ ಬದಲಿಸಬೇಕು. ಕಿತ್ತ ತಾರೀಖು ಬರೆಯಬೇಕು. 'ಟ್ಯಾಂಕಿನ ಹತ್ತಿರ' ಎನ್ನುವುದು ಜಾಗದ ವಿವರವಲ್ಲ. ನೀನು ಹೆಸರು ಹಚ್ಚಿದ ಐದರಲ್ಲಿ ಎರಡು ತಪ್ಪು.

ನಮ್ಮ ಸಂಗ್ರಹಾಲಯದಲ್ಲಿ ನಲವತ್ತೊಂದು ಸಾವಿರ ಒಣಗಿದ ಗಿಡಗಳಿವೆ. ಹತ್ತೊಂಬತ್ತು ವರ್ಷದಿಂದ ಅವನ್ನು ಹಾಳೆಗೆ ಅಂಟಿಸಿ, ಚೀಟಿ ಬರೆದು, ಕಬ್ಬಿಣದ ಬೀರುಗಳಲ್ಲಿ ಇಡುವವಳು ನಾನು. ಹುಳ ಬರುತ್ತದೆಂದು ಇಲ್ಲಿ ಕಿಟಕಿ ತೆರೆಯುವುದಿಲ್ಲ. ಮೈಗೆಲ್ಲ ನುಸಿಗುಳಿಗೆಯ ವಾಸನೆ. ಹೀಗೆ ಕೂತು ಕಲಿಯುವುದಕ್ಕೂ ಗುಡ್ಡದ ಮೇಲೆ ಗಾಳಿ ಕುಡಿಯುತ್ತಾ ಹೂ ನೋಡುವುದಕ್ಕೂ ವ್ಯತ್ಯಾಸವಿದೆ. ಹವ್ಯಾಸ ಒಳ್ಳೆಯದೇ, ಮುಂದುವರಿಸು.

ಹೈಸ್ಕೂಲಿನಲ್ಲಿದ್ದಾಗ ಮೂರು ವರ್ಷ, ಪ್ರತಿ ಭಾನುವಾರ, ಮೇಷ್ಟ್ರ ಹಿಂದೆ ನಾನೂ ಆ ಗುಡ್ಡ ಹತ್ತಿದ್ದೇನೆ. ಅವರ ಚೀಲ ಹೊತ್ತಿದ್ದೇನೆ.

ಅವರು ನಿಜವಾಗಿ ಅದೇ ಮಾತು ಅಂದರಾ, ಅಥವಾ ನೀನು ಸೇರಿಸಿದ್ದಾ?

ಅಕ್ಕ


ಆಗಸ್ಟ್ ೧೬

ಅಕ್ಕ,

ನಿನ್ನ ಬೈಗುಳದ ಕಾಗದವನ್ನು ಪಂಪಿನ ಕೋಣೆಯ ಬಾಗಿಲಿಗೆ ಅಂಟಿಸಿದ್ದೇನೆ. ಈಗ ಅದೇ ನನ್ನ ಪಠ್ಯಪುಸ್ತಕ. ಮೇಷ್ಟ್ರು ಆ ಮಾತು ಅಂದದ್ದು ನಿಜ, ಸೇರಿಸಿಲ್ಲ. ನಿನಗೆ ಬರೆಯಬಾರದಿತ್ತೇನೋ.

ಈ ಸಲ ಕಳಿಸಿದ ಗಿಡವನ್ನು ದಯವಿಟ್ಟು ನಿಧಾನವಾಗಿ ನೋಡು. ಟ್ಯಾಂಕಿನ ಹಿಂದೆ ಚಪ್ಪಟೆ ಬಂಡೆಯಿದೆಯಲ್ಲ, ಅದರ ತುಂಬ ಬೋಗುಣಿಯಂಥ ಹೊಂಡಗಳಿವೆ. ಮಳೆ ನೀರು ನಿಲ್ಲುವ ಆ ಹೊಂಡಗಳಲ್ಲಿ ಬೆರಳೆತ್ತರದ ಗಿಡ ಬಂದಿದೆ. ಮಾಸಲು ನೀಲಿ ಹೂ, ಐದು ಎಸಳು. ಕೆಳಗಿನ ಎಸಳಿನ ತುದಿ ಮಾತ್ರ ಎರಡಾಗಿ ಸೀಳಿದೆ, ಗಂಟಲಲ್ಲಿ ಹಳದಿ ಬೊಟ್ಟು. ಬೆಳಿಗ್ಗೆ ಹತ್ತಕ್ಕೆ ಅರಳುತ್ತದೆ, ಹನ್ನೆರಡಕ್ಕೆ ಮುಚ್ಚುತ್ತದೆ. ಯಾವ ಕಚೇರಿಯೂ ಇಷ್ಟು ಕಡಿಮೆ ಹೊತ್ತು ತೆರೆದಿರುವುದಿಲ್ಲ. ನಾನು ಅದಕ್ಕೆ ಸೋಮಾರಿ ಎಂದು ಹೆಸರಿಟ್ಟಿದ್ದೇನೆ.

ಮೇಷ್ಟ್ರು ಹೊಟ್ಟೆಯ ಮೇಲೆ ಮಲಗಿ ಅದನ್ನು ನೋಡಿದರು. ಎಬ್ಬಿಸಿ ನಿಲ್ಲಿಸಲು ನನಗೆ ಸಾಕುಸಾಕಾಯಿತು. ಮನೆಗೆ ಹೋಗಿ ತಮ್ಮ ಪುಸ್ತಕಗಳನ್ನೆಲ್ಲ ಹುಡುಕಿದರಂತೆ, ಸಿಗಲಿಲ್ಲ. ಇದನ್ನು ಹೇಳಲು ನಿಮ್ಮಕ್ಕನೇ ಬೇಕು ಎಂದರು.

ಅವಸರ ಯಾಕೆಂದರೆ, ಇಲಾಖೆಯವರು ಆ ಬಂಡೆಯ ಮೇಲೆ ಲಾರಿಗಟ್ಟಲೆ ಮಣ್ಣು ಹಾಕಿಸಿ ಉದ್ಯಾನ ಮಾಡುತ್ತಾರಂತೆ. ಹುಲ್ಲುಹಾಸು, ಬೆಂಚು, ಎಲ್ಲಿಂದಲೋ ತಂದ ಬಣ್ಣದೆಲೆಯ ಗಿಡಗಳು. ನಮ್ಮ ಎಂಜಿನಿಯರ್ ಸಾಹೇಬರ ಹತ್ತಿರ ಹೋಗಿ ಹೂ ತೋರಿಸಿದೆ. ಕೆಟ್ಟವರಲ್ಲ ಅವರು. ಇದು ಅಪರೂಪದ್ದು ಎಂದು ತಿಳಿದವರು ಬರೆದುಕೊಟ್ಟರೆ ಕೆಲಸ ನಿಲ್ಲಿಸುತ್ತೇನೆ, ಸೆಪ್ಟೆಂಬರ್ ಹತ್ತರವರೆಗೆ ಕಾಯುತ್ತೇನೆ ಎಂದರು.

ನನಗೆ ತಿಳಿದವಳು ನೀನೊಬ್ಬಳೇ.

ನಿನ್ನ
ಚುಕ್ಕಿ


ಆಗಸ್ಟ್ ೨೮

ಚುಕ್ಕಿ,

ಈ ಸಲ ಒಣಗಿಸಿದ್ದು ಪರವಾಗಿಲ್ಲ.

ಗಿಡ ನೋಡಿದೆ. ವಿಶೇಷವೇನಿಲ್ಲ, ಬಂಡೆ ಇರುವ ಕಡೆಯೆಲ್ಲ ಮಳೆಗಾಲದಲ್ಲಿ ಬರುವ ಜಾತಿ. ಮೇಷ್ಟ್ರ ಪುಸ್ತಕಗಳು ಹಳೆಯವು, ಅವರ ಕಣ್ಣೂ ಮೊದಲಿನ ಹಾಗೆ ಇರಲಿಕ್ಕಿಲ್ಲ.

ಆದರೂ ನಮ್ಮ ಬೀರುವಿನಲ್ಲಿ ಆ ಗುಡ್ಡದ ಹಾಳೆ ಇಲ್ಲ. ಇನ್ನೂ ನಾಲ್ಕು ಗಿಡ ಬೇರು ಸಮೇತ ಕಳಿಸು. ಒಟ್ಟು ಎಷ್ಟು ಹೊಂಡಗಳಲ್ಲಿವೆ ಎಂದು ಎಣಿಸಿ ಬರೆ. ಬೇರೆ ಯಾರಿಗೂ ಕಳಿಸಲು ಹೋಗಬೇಡ. ಸಾಮಾನ್ಯ ಗಿಡ ಹಿಡಿದುಕೊಂಡು ಊರೆಲ್ಲ ತಿರುಗಿದರೆ ನಗೆಪಾಟಲಾಗುವುದು ನೀನೇ.

ಉದ್ಯಾನದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡ. ಇಂಥ ಕೆಲಸಗಳು ಹೇಳಿದ ದಿನಕ್ಕೆ ಶುರುವಾದದ್ದನ್ನು ನಾನಂತೂ ಕಂಡಿಲ್ಲ. ಸೆಪ್ಟೆಂಬರ್ ಕೊನೆಗೆ ರಜೆ ಹಾಕಿ ನಾನೇ ಬರುತ್ತೇನೆ.

ಅಕ್ಕ


ಸೆಪ್ಟೆಂಬರ್ ೧೯

ಅಕ್ಕ,

ನೀನು ಕೇಳಿದ ನಾಲ್ಕು ಗಿಡ ಇದರ ಜೊತೆಗಿವೆ. ಒಟ್ಟು ಇಪ್ಪತ್ತಾರು ಹೊಂಡಗಳಲ್ಲಿತ್ತು. ಇತ್ತು ಎಂದು ಯಾಕೆ ಬರೆದೆನೆಂದರೆ, ಕೆಲಸ ಹೇಳಿದ ದಿನಕ್ಕೇ ಶುರುವಾಯಿತು.

ಹತ್ತನೇ ತಾರೀಖು ಎಂಜಿನಿಯರ್ ಸಾಹೇಬರ ಕೋಣೆಗೆ ಹೋಗಿ, ಇದು ಸಾಮಾನ್ಯ ಗಿಡವಂತೆ, ನಮ್ಮಕ್ಕ ಬರೆದಿದ್ದಾಳೆ ಎಂದು ನಾನೇ ಹೇಳಿದೆ. ಅವರು, "ನೀನು ಸುಳ್ಳು ಹೇಳಿದ್ರೂ ನಾನು ನಂಬ್ತಿದ್ದೆ," ಅಂದರು. ಹನ್ನೊಂದಕ್ಕೆ ಮೊದಲ ಲಾರಿ ಬಂತು. ಹದಿನೇಳು ಹೊಂಡ ಮುಚ್ಚಿವೆ. ನಾನು ಟ್ಯಾಂಕಿನ ಈ ಕಡೆ ಗೋಡೆಗೆ ಒರಗಿ ಕೂತಿರುತ್ತೇನೆ, ಆ ಕಡೆ ಹೋಗುವುದಿಲ್ಲ. ಮೇಷ್ಟ್ರು ಗುಡ್ಡ ಹತ್ತುವುದನ್ನು ಬಿಟ್ಟಿದ್ದಾರೆ. ಮಂಡಿನೋವು ಎನ್ನುತ್ತಾರೆ.

ನಿನಗೆ ಒಂದು ನಿಜ ಹೇಳಬೇಕು. ಆ ಹೂ ಅಪರೂಪದ್ದಾಗಿರಲಿ ಎಂದು ನಾನು ಬಯಸಿದ್ದು ಹೂವಿಗಾಗಿ ಮಾತ್ರವಲ್ಲ. ಅಮ್ಮ ಹಾಸಿಗೆ ಹಿಡಿದಾಗ ನೀನು ಕಾಲೇಜಿಗೆ ಹೋದೆ, ನಾನು ಶಾಲೆ ಬಿಟ್ಟು ಅಮ್ಮನ ತಲೆದಿಂಬಿನ ಹತ್ತಿರ ಕೂತೆ. ಅದನ್ನು ನಾನು ಯಾವತ್ತೂ ಆಡಿ ತೋರಿಸಿಲ್ಲ. ಆದರೆ ನೀನು ರಜೆಗೆ ಬಂದು ಪುಸ್ತಕ ಹರಡಿಕೊಂಡು ಕೂತಾಗಲೆಲ್ಲ ನನ್ನ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತಿತ್ತು. ಒಂದೇ ಒಂದು ಸಲ, ನಿನಗೆ ಗೊತ್ತಿಲ್ಲದ್ದು ನನಗೆ ಸಿಗಬೇಕು ಎಂದು ಆಸೆಯಿತ್ತು. ಸಾಮಾನ್ಯ ಗಿಡ ಎಂದು ನೀನು ಬರೆದಾಗ, ನನ್ನ ಜಂಬಕ್ಕೆ ಸರಿಯಾಗಿ ಆಯಿತು ಅಂದುಕೊಂಡೆ.

ಈಗ ಮನಸ್ಸು ಹಗುರವಾಗಿದೆ. ಬಂದರೆ ಎರಡು ದಿನ ಇರುವ ಹಾಗೆ ಬಾ.

ನಿನ್ನ
ಚುಕ್ಕಿ


ಸೆಪ್ಟೆಂಬರ್ ೨೩

ಚುಕ್ಕಿ,

ನಿನ್ನ ಕಾಗದ ಇವತ್ತು ಬೆಳಿಗ್ಗೆ ಬಂತು. ಓದಿದ ತಕ್ಷಣ ನಿಮ್ಮ ಕಚೇರಿಗೆ ಫೋನ್ ಮಾಡಿದೆ. ನೀನು ಗುಡ್ಡದ ಮೇಲಿದ್ದೀಯ ಎಂದರು. ಎಂಜಿನಿಯರರನ್ನೇ ಕರೆಸಿ, ಲಾರಿಗಳನ್ನು ನಿಲ್ಲಿಸಿ ಎಂದು ಬೇಡಿಕೊಂಡೆ. ನಿಲ್ಲಿಸುತ್ತೇನೆ ಎಂದರು. ಯಾಕೆ ಎಂದು ನಿನಗೆ ನಾನೇ ಹೇಳಬೇಕು.

ನಿನ್ನ ಹೂ ಸಾಮಾನ್ಯವಲ್ಲ. ಪೊಟ್ಟಣ ಬಿಚ್ಚಿದ ಕಾಲು ಗಂಟೆಯಲ್ಲೇ ನನಗೆ ಅದು ಗೊತ್ತಾಗಿತ್ತು.

ಹದಿನಾಲ್ಕನೇ ಬೀರುವಿನಲ್ಲಿ ಅದರ ಒಂದೇ ಒಂದು ಹಾಳೆಯಿದೆ. ಅರವತ್ತೇಳು ವರ್ಷದ ಹಿಂದೆ ಯಾರೋ ಕಿತ್ತದ್ದು. 'ಬಂಡೆಯ ಹೊಂಡಗಳಲ್ಲಿ' ಎಂದಷ್ಟೇ ಚೀಟಿಯಲ್ಲಿದೆ, ಊರಿನ ಹೆಸರಿಲ್ಲ. ಆಮೇಲೆ ಯಾರ ಕಣ್ಣಿಗೂ ಬಿದ್ದಿಲ್ಲ. ಅಳಿದುಹೋಯಿತು ಎಂದು ಪುಸ್ತಕಗಳಲ್ಲಿ ಬರೆದಾಗಿದೆ. ಆ ಹಾಳೆಯ ಅಂಟು ಬಿಟ್ಟಾಗ ಮತ್ತೆ ಅಂಟಿಸಿದವಳು ನಾನು. ಕಂದು ಬಣ್ಣಕ್ಕೆ ತಿರುಗಿದ ಆ ಹೂ ಬದುಕಿದ್ದಾಗ ಯಾವ ಬಣ್ಣವಿತ್ತೆಂದು ಯಾರಿಗೂ ಗೊತ್ತಿರಲಿಲ್ಲ. ಕೆಲಸಕ್ಕೆ ಸೇರಿದ ವರ್ಷದಿಂದ, ಎಂದಾದರೂ ಅದನ್ನು ಕಂಡುಹಿಡಿಯುವವಳು ನಾನೇ ಎಂದು ನನಗೆ ನಾನೇ ಹೇಳಿಕೊಂಡು ಬಂದಿದ್ದೆ. ರಜೆ ಹಾಕಿ ಯಾವ ಯಾವುದೋ ಗುಡ್ಡ ಸುತ್ತಿದೆ. ನಮ್ಮ ಗುಡ್ಡಕ್ಕೆ ಹೋಗಲಿಲ್ಲ. ಅದನ್ನು ಮೇಷ್ಟ್ರ ಜೊತೆ ನೋಡಿ ಮುಗಿಸಿದ್ದೇನೆ ಅಂದುಕೊಂಡಿದ್ದೆ.

ಅದು ನಿನಗೆ ಸಿಕ್ಕಿತು. ವಾಲ್ವ್ ತಿರುಗಿಸಲು ಹೋದ ಜಾಗದಲ್ಲಿ, ಕೂತ ಕಡೆಯಲ್ಲೇ ಸಿಕ್ಕಿತು. 'ಮಾಸಲು ನೀಲಿ' ಎಂದು ನೀನು ಎಷ್ಟು ಸುಲಭವಾಗಿ ಬರೆದಿದ್ದೆ! ಆ ಎರಡು ಪದ ಓದಿ ನನಗೆ ಮೈ ಉರಿಯಿತು. ಜೊತೆಗೆ ಮೇಷ್ಟ್ರ ಆ ಮಾತು. ನನ್ನ ಮೂರು ವರ್ಷದಲ್ಲಿ ಅವರು ಒಂದು ಸಲವೂ ನನಗೆ ಅಂಥ ಮಾತು ಆಡಲಿಲ್ಲ.

ನಾನು ಏನು ಮಾಡಿದೆನೆಂದರೆ, ನಿನಗೆ ಸಾಮಾನ್ಯ ಗಿಡ ಎಂದು ಬರೆದು, ಸಂಗ್ರಹಾಲಯದ ಪತ್ರಿಕೆಗೆ ಒಂದು ವರದಿ ಬರೆದೆ. ಕಂಡುಹಿಡಿದವರು ಎಂಬ ಕಡೆ ನನ್ನ ಹೆಸರು ಹಾಕಿದೆ. ನಿರ್ದೇಶಕರು ತಮ್ಮ ಕುರ್ಚಿಯಿಂದ ಎದ್ದು ಬಂದು ನನ್ನ ಕೈ ಕುಲುಕಿದರು. ಅವರು ನನ್ನ ಮೇಜಿನ ಹತ್ತಿರ ಬಂದದ್ದೇ ಅದು ಮೊದಲು. ರಜೆಯಲ್ಲಿ ಬಂದು, ಬಂಡೆಯನ್ನು ನೋಡಿ, ನಂತರ ಎಂಜಿನಿಯರಿಗೆ ಪತ್ರ ಕೊಡಿಸೋಣ, ಗಿಡವೂ ಉಳಿಯುತ್ತದೆ, ಹೆಸರೂ ಬರುತ್ತದೆ ಎಂದು ಲೆಕ್ಕ ಹಾಕಿದ್ದೆ. ಲಾರಿ ಇಷ್ಟು ಬೇಗ ಬರುತ್ತದೆ ಅಂದುಕೊಂಡಿರಲಿಲ್ಲ.

ಇವತ್ತು ಮಧ್ಯಾಹ್ನ ನಿರ್ದೇಶಕರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಅವರು ವರದಿಯನ್ನು ವಾಪಸು ತರಿಸಿಕೊಂಡರು. ಎಂಜಿನಿಯರಿಗೆ ಅವರು ಬರೆದ ಪತ್ರ ಇದರ ಜೊತೆಗಿದೆ, ಓಡಿಹೋಗಿ ಕೊಡು. ನೀನು ನನ್ನ ಮೇಲೆ ಪಟ್ಟ ಹೊಟ್ಟೆಕಿಚ್ಚಿಗೆ ಕ್ಷಮೆ ಕೇಳುವವಳ ಹಾಗೆ ಬರೆದಿದ್ದೀಯ. ಅದನ್ನು ಓದಿದ ಮೇಲೆ ನನ್ನ ಮುಖವನ್ನು ನಾನು ಕನ್ನಡಿಯಲ್ಲಿ ನೋಡಿಕೊಂಡಿಲ್ಲ.

ನಿನ್ನ
ಅಕ್ಕ


ಅಕ್ಟೋಬರ್ ೩೦

ಚುಕ್ಕಿ,

ಐದು ವಾರವಾಯಿತು. ರಜೆ ಹಾಕಲಿಲ್ಲ, ನೀನು ಬಾ ಎನ್ನದೆ ಬರುವ ಧೈರ್ಯವಿಲ್ಲ. ಬೈದಾದರೂ ಬರೆ.

ಅಕ್ಕ


ನವೆಂಬರ್ ೮

ನನ್ನ ಹಳೆಯ ವಿದ್ಯಾರ್ಥಿನಿಗೆ,

ನಾನು ಬರೆಯುತ್ತಿರುವುದು ನಿನ್ನ ತಂಗಿಗೆ ಗೊತ್ತಿಲ್ಲ. ತಿಳಿದರೆ ನನಗೆ ಕುಡಿಯುವ ನೀರೂ ನಿಲ್ಲಿಸಿಬಿಡುತ್ತಾಳೆ.

ಲಾರಿಗಳು ನಿಂತಿವೆ. ಅಷ್ಟು ಹೊತ್ತಿಗೆ ಉಳಿದದ್ದು ಮೂರು ಹೊಂಡ. ಎಂಜಿನಿಯರು ಒಳ್ಳೆಯ ಮನುಷ್ಯ, ಹಾಕಿಸಿದ ಮಣ್ಣನ್ನು ಅವರೇ ತೆಗೆಸಿದರು. ಆದರೆ ಸಲಿಕೆಯವರಿಗೆ ಹೂವಿನ ಬೀಜ ಹೇಗೆ ಗೊತ್ತಾಗಬೇಕು? ಹೊಂಡದ ತಳದ ಮಣ್ಣನ್ನೂ ಕೆರೆದು ಹಾಕಿದರು. ಒಂದೇ ಮಳೆಗಾಲ ಬದುಕಿ ಬೀಜ ಉದುರಿಸಿ ಸಾಯುವ ಗಿಡ ಅದು. ಆ ತಳದ ಬೆರಳಗಲ ಮಣ್ಣೇ ಅದರ ಮನೆ.

ಲಾರಿ ನಿಂತ ಸುದ್ದಿ ಕೇಳಿ ನಾನು ಮತ್ತೆ ಗುಡ್ಡ ಹತ್ತಿದ ದಿನ, ನಿನ್ನ ಕಾಗದವನ್ನು ಅವಳು ಟ್ಯಾಂಕಿನ ಮೆಟ್ಟಿಲ ಮೇಲೆ ಕೂತು ಓದಿದಳು. ಏನೆಂದು ಕೇಳಿದ್ದಕ್ಕೆ ನನ್ನ ಕೈಗೇ ಕೊಟ್ಟಳು. ಅತ್ತಳು, ಬೈಯಲಿಲ್ಲ.

"ಕೇಳಿದ್ರೆ ಕೊಡ್ತಿದ್ದೆ ಮೇಷ್ಟ್ರೇ. ಹೆಸರು ಇಟ್ಕೊಂಡು ನಾನೇನ್ ಮಾಡ್ಲಿ? ನಂಗೆ ಬೇಕಾಗಿದ್ದು ಅಕ್ಕ ಒಂದ್ಸಲ ಭೇಷ್ ಅನ್ನೋದು," ಅಂದಳು. ಕಾಗದವನ್ನು ನನ್ನ ಕೈಯಿಂದ ವಾಪಸು ತೆಗೆದುಕೊಂಡು, "ಈಗ ಕೇಳಿದ್ರೂ ಕೊಡಲ್ಲ," ಅಂದಳು.

ನನ್ನ ಪಾಲಿನ ತಪ್ಪನ್ನು ಹೇಳಿಬಿಡುತ್ತೇನೆ. ಹೊಗಳಿದರೆ ನಿಂತುಬಿಡುತ್ತೀಯ ಎಂದು ನಿನ್ನನ್ನು ನಾನು ಹೊಗಳಲಿಲ್ಲ. ಮುಪ್ಪಿನಲ್ಲಿ ನಾಲಿಗೆ ಸಡಿಲವಾಯಿತು, ಅವಳಿಗೆ ಹೇಳಿದೆ. ನಿನಗೂ ಹೇಳಬೇಕಿತ್ತು. ಆದರೆ ನೀನು ಮಾಡಿದ್ದಕ್ಕೆ ಇದನ್ನು ನೆಪ ಮಾಡಿಕೊಳ್ಳಬೇಡ. ನನಗೆ ನಿನ್ನ ಮೇಲೆ ಸಿಟ್ಟು ಇಳಿದಿಲ್ಲ.

ನಿನ್ನ ಮೇಷ್ಟ್ರು


ಜನವರಿ ೧೭

ಚುಕ್ಕಿ,

ಹೊಸ ಹಾಳೆಯ ಚೀಟಿಯ ಪ್ರತಿ ಕಳಿಸಿದ್ದೇನೆ. ನೀನು ಮೊದಲು ಕಳಿಸಿದ ಗಿಡವನ್ನೇ ಅಂಟಿಸಿದ್ದೇನೆ, ಅರವತ್ತೇಳು ವರ್ಷದ ಹಳೆಯದರ ಪಕ್ಕಕ್ಕೆ. ಕಂಡುಹಿಡಿದವರು ಎಂಬಲ್ಲಿ ನಿನ್ನ ಹೆಸರಿದೆ. ಬಣ್ಣ ಎಂಬಲ್ಲಿ ನಿನ್ನ ಮಾತುಗಳಿವೆ. ಹತ್ತಕ್ಕೆ ಅರಳಿ ಹನ್ನೆರಡಕ್ಕೆ ಮುಚ್ಚುತ್ತದೆ ಎಂದೂ ಬರೆದಿದ್ದೇನೆ. ಇದು ಯಾವ ಪುಸ್ತಕದಲ್ಲೂ ಇರದ ಸಂಗತಿ. ಪತ್ರಿಕೆಯಲ್ಲೂ ನಿನ್ನ ಹೆಸರಿನಲ್ಲೇ ಬಂತು.

ಗಿಡ ಗುರುತಿಸುವ ಕೆಲಸದಿಂದ ನನ್ನನ್ನು ತೆಗೆದಿದ್ದಾರೆ. ಈಗ ಬರೀ ಅಂಟು ಹಚ್ಚುತ್ತೇನೆ. ನ್ಯಾಯವೇ.

ನಿನ್ನ ಹೆಸರು ಬರೆಯುವಾಗ ನನ್ನ ಮನಸ್ಸು ತಿಳಿಯಾಗಿತ್ತು ಎಂದರೆ ಮತ್ತೊಂದು ಸುಳ್ಳಾಗುತ್ತದೆ. ಮೊದಲ ಅಕ್ಷರ ಬರೆದು ಪೆನ್ನು ಕೆಳಗಿಟ್ಟೆ. ಇಷ್ಟಾದ ಮೇಲೂ ಒಳಗೆ ಏನೋ ಚುಚ್ಚಿತು. ಆಮೇಲೆ ಪೂರ್ತಿ ಬರೆದೆ. ಭೇಷ್ ಚುಕ್ಕಿ. ಇದನ್ನು ನಿನ್ನ ಮೊದಲ ಕಾಗದಕ್ಕೇ ಹೇಳಬೇಕಿತ್ತು.

ನಿನ್ನ
ಅಕ್ಕ


ಆಗಸ್ಟ್ ೩೦

ಅಕ್ಕ,

ಕಾಗದಗಳೆಲ್ಲ ಬಂದವು, ಓದಿದೆ. ಬರೆಯಬೇಕು ಅನ್ನಿಸಲಿಲ್ಲ, ಬರೆಯಲಿಲ್ಲ. ಜನವರಿಯ ಕಾಗದದಲ್ಲಿ ಚುಚ್ಚಿತು ಎಂದು ಬರೆದಿದ್ದೆಯಲ್ಲ, ಅದೊಂದು ಮಾತನ್ನು ನಂಬಿದೆ.

ಈ ಮಳೆಗಾಲ ಕೆರೆದ ಹೊಂಡಗಳಲ್ಲಿ ಏನೂ ಬರಲಿಲ್ಲ. ದಿನಾ ಕೂತು ಕಾದೆ. ನೀರು ನಿಂತಿತು, ಕಪ್ಪೆಮರಿ ಬಂದವು, ಅಷ್ಟೇ. ಉಳಿದಿದ್ದ ಮೂರರಲ್ಲಿ ಎರಡು ಖಾಲಿ. ಒಂದರಲ್ಲಿ ಎರಡು ಗಿಡ ಬಂದವು, ಒಂದನ್ನು ಬಸವನಹುಳು ತಿಂದಿತು. ಮಿಕ್ಕ ಒಂದು ಹೂ ಬಿಟ್ಟಾಗ ಮೇಷ್ಟ್ರನ್ನು ಕೈಹಿಡಿದು ಹತ್ತಿಸಿಕೊಂಡು ಬಂದೆ. ಅವರು ಇಳಿಯುವಾಗ, ಒಂದು ಗಿಡ ಅಂದರೆ ಇರುವುದೂ ಒಂದೇ, ಇಲ್ಲದಿರುವುದೂ ಒಂದೇ ಎಂದರು.

ಅವತ್ತು ನನಗೆ ಬಂದ ಸಿಟ್ಟು ನಿನ್ನ ಕಾಗದ ಓದಿದಾಗಲೂ ಬಂದಿರಲಿಲ್ಲ. ಭಾನುವಾರ ನನಗೆ ರಜೆ, ವಾಲ್ವ್ ನೋಡಿಕೊಳ್ಳಲು ಬೇರೆಯವರು ಬರುತ್ತಾರೆ. ಊರಿನ ಸುತ್ತ ಬಂಡೆ ಇರುವ ಜಾಗಗಳನ್ನೆಲ್ಲ ಬರೆದುಕೊಂಡು, ಭಾನುವಾರಕ್ಕೆ ಒಂದರಂತೆ ಹೊರಟೆ. ಹತ್ತರಿಂದ ಹನ್ನೆರಡರವರೆಗೆ ಮಾತ್ರ ಹುಡುಕಲು ಹೊತ್ತು, ಮುಚ್ಚಿದ ಮೇಲೆ ಅದು ಹುಲ್ಲಿನಲ್ಲಿ ಹುಲ್ಲು. ಮೊದಲ ವಾರ ಜಾರಿ ಬಿದ್ದು ಮೊಣಕೈ ತರಚಿಕೊಂಡೆ. ಎರಡನೇ ವಾರ ಯಾರದೋ ಎಮ್ಮೆ ಅಟ್ಟಿಸಿಕೊಂಡು ಬಂತು. ಮೂರು, ನಾಲ್ಕು, ಏನೂ ಇಲ್ಲ.

ಐದನೇ ಭಾನುವಾರ ಸಿಕ್ಕಿತು, ಅಕ್ಕ. ಎಣಿಸಿದೆ. ನೂರ ನಲವತ್ತೆರಡು ಗಿಡ, ಎಲ್ಲವೂ ಹೂವಿನಲ್ಲಿ. ಬಂಡೆಯ ಮೇಲೆ ಯಾರೋ ನೀಲಿ ಸೀರೆ ಒಣಹಾಕಿ ಮರೆತು ಹೋದ ಹಾಗಿತ್ತು. ಹನ್ನೆರಡಕ್ಕೆ ಒಂದೊಂದಾಗಿ ಮುಚ್ಚಿಕೊಂಡವು. ಕೊನೆಯದು ಮುಚ್ಚುವವರೆಗೂ ಕೂತಿದ್ದೆ. ಒಂದನ್ನೂ ಕೀಳಲಿಲ್ಲ.

ಎಲ್ಲಿ ಎಂದು ಹೇಳುವುದಿಲ್ಲ. ಮೇಷ್ಟ್ರಿಗೂ ಎಷ್ಟು ಎಂದಷ್ಟೇ ಹೇಳಿದ್ದೇನೆ, ಎಲ್ಲಿ ಎಂದು ಹೇಳಿಲ್ಲ. ಅವರು ಎರಡು ದಿನ ಮುನಿಸಿಕೊಂಡಿದ್ದರು. ಎಂಜಿನಿಯರ್ ಸಾಹೇಬರಿಗೆ ಮಾತ್ರ ತೋರಿಸಿದೆ, ಅಲ್ಲಿಗೆ ಯಾವ ಲಾರಿಯೂ ಹೋಗದ ಹಾಗೆ ಬರೆದಿಟ್ಟಿದ್ದಾರೆ. ನಿನಗೆ ಹೇಳುವುದಿಲ್ಲ ಎಂದು ಬರೆಯುವಾಗ ನನಗೆ ಎಷ್ಟು ಸುಖವಾಗುತ್ತಿದೆ ಗೊತ್ತಾ? ಕಾಗದ ಹಿಡಿದುಕೊಂಡು ನಿನ್ನ ಆ ಕಿಟಕಿ ತೆರೆಯದ ಕೋಣೆಯಲ್ಲಿ ನೀನು ಚಡಪಡಿಸುವುದನ್ನು ನೆನೆದು ಇವತ್ತು ಎರಡು ಸಲ ನಕ್ಕೆ. ಇದು ಒಳ್ಳೆಯ ಬುದ್ಧಿಯಲ್ಲ, ಗೊತ್ತು. ಯಾರಿಂದ ಬಂತೋ!

ಆದರೆ ನೀನು ಅದನ್ನು ಬದುಕಿರುವಾಗ ಒಂದು ಸಲವೂ ನೋಡಿಲ್ಲ. ಅದು ನನ್ನನ್ನು ಕಾಡುತ್ತಿದೆ. ಕಾಡಬಾರದಿತ್ತು.

ಹೂ ಇನ್ನೂ ಎರಡು ವಾರ ಇರಬಹುದು. ಭಾನುವಾರ ಬಾ. ಚೀಲ, ಕತ್ತರಿ, ಹೀರುವ ಕಾಗದ, ಕ್ಯಾಮೆರಾ, ಒಂದೂ ತರಬೇಡ. ಬಸ್ ನಿಲ್ದಾಣದಿಂದ ನಾನೇ ಕರೆದುಕೊಂಡು ಹೋಗುತ್ತೇನೆ. ಯಾವ ದಾರಿಯಲ್ಲಿ ಹೋದೆವು, ಎಲ್ಲಿ ತಿರುಗಿದೆವು ಎಂದು ಗಮನಿಸುವುದಿಲ್ಲ ಎಂದು ನನಗೆ ಮಾತು ಕೊಡು. ನೀನು ಕೊಟ್ಟ ಮಾತನ್ನು ನಾನು ನಂಬುವುದಿಲ್ಲ. ಆದರೂ ಕೊಡು.

ಚುಕ್ಕಿ